ಇಳಿತದ ನೀರಿಗೆ ಎರಡು ರಾಡು

ದೋಣಿಯ ಅಂಚಿನಿಂದ ಕೈಯನ್ನು ನೀರಿಗೆ ಇಳಿಬಿಡಿ. ಬೆಚ್ಚಗಿದೆಯಲ್ಲ? ಜನವರಿಯ ನಸುಕು. ಘಟ್ಟದಿಂದ ಇಳಿದು ಬರುವ ಮೂಡುಗಾಳಿಗೆ ಕಿವಿ ತಣ್ಣಗಾಗಿದೆ, ಸ್ವೆಟರಿನ ತೋಳು ಇಬ್ಬನಿಗೆ ಒದ್ದೆಯಾಗಿದೆ. ನೀರು ಮಾತ್ರ ನಿನ್ನೆಯ ಬಿಸಿಲನ್ನು ಇನ್ನೂ ಹಿಡಿದುಕೊಂಡಿದೆ. ನೆಲ ಒಂದೇ ರಾತ್ರಿಯಲ್ಲಿ ಆರಿಬಿಡುತ್ತದೆ, ಕಡಲು ಆರುವುದಿಲ್ಲ. ಈ ಗಾಳಿ ಹುಟ್ಟಿದ್ದೇ ಆ ವ್ಯತ್ಯಾಸದಿಂದ. ಬಿಸಿಲು ಏರಿ ನೆಲ ಕಾದ ಮೇಲೆ ಇದು ಸತ್ತುಹೋಗುತ್ತದೆ. ಆಮೇಲೆ ಸ್ವಲ್ಪ ಹೊತ್ತು ಎಲ್ಲಿಂದಲೂ ಗಾಳಿಯಿಲ್ಲ. ಮಧ್ಯಾಹ್ನದ ಹೊತ್ತಿಗೆ ಪಡುಗಾಳಿ ಏಳುತ್ತದೆ. ಇವತ್ತು ಎಲ್ಲಿ ನಿಲ್ಲಬೇಕು, ಯಾವ ರಾಡು ಹಿಡಿಯಬೇಕು ಎನ್ನುವುದನ್ನು ಅರ್ಧ ತೀರ್ಮಾನ ಮಾಡುವುದು ಈ ಗಾಳಿ. ಉಳಿದರ್ಧ ನೀರಿನದು.

ನಾವಿರುವುದು ಕುಂದಾಪುರದ ಪಂಚಗಂಗಾವಳಿಯಲ್ಲಿ. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟ ಎಂಬ ಐದು ಹೊಳೆಗಳು ಒಂದೇ ಬಾಯಿಯಿಂದ ಕಡಲಿಗೆ ಬೀಳುವ ಜಾಗ. ಪಡುವಣಕ್ಕೆ ಮುಖ ಮಾಡಿದರೆ ಎಡಗಡೆ ಕೋಡಿ, ಬಲಗಡೆ ಗಂಗೊಳ್ಳಿ. ಗಂಗೊಳ್ಳಿಯ ಬಂದರಿನ ದೀಪಗಳು ಕೈಗೆ ಸಿಗುವಷ್ಟು ಹತ್ತಿರ ಕಾಣುತ್ತವೆ, ಆದರೆ ರಸ್ತೆಯಲ್ಲಿ ಅಲ್ಲಿಗೆ ಹೋಗಬೇಕಾದರೆ ಹೆಮ್ಮಾಡಿ, ತ್ರಾಸಿ ಎಂದು ಇಡೀ ಹೊಳೆಯನ್ನು ಸುತ್ತಿ ಬರಬೇಕು. ಸೌಪರ್ಣಿಕೆ ಮಾಡಿದ್ದೂ ಅದನ್ನೇ. ಕೊಲ್ಲೂರಿನಿಂದ ಬಂದು ಮರವಂತೆಯಲ್ಲಿ ಕಡಲಿನಿಂದ ಒಂದು ರಸ್ತೆಯಷ್ಟೇ ದೂರ ಉಳಿದಾಗ ತಿರುಗಿ, ಇಲ್ಲಿಯವರೆಗೆ ಹರಿದು, ಆಮೇಲೆ ಕಡಲು ಸೇರುತ್ತಾಳೆ. ಆ ಸುತ್ತುದಾರಿಯಿಂದಲೇ ಇಲ್ಲಿ ಇಷ್ಟು ಕುದ್ರುಗಳೆಂಬ ನಡುಗಡ್ಡೆಗಳು, ಇಷ್ಟು ಕಾಂಡ್ಲಾ ಎಂಬ ಉಪ್ಪುನೀರಿನ ಕಾಡು, ಇಷ್ಟು ಸಣ್ಣ ತೋಡುಗಳು.

ದೋಣಿ ಚಿಕ್ಕದು, ಫೈಬರಿನದು. ಹಿಂದೆ ಔಟ್‌ಬೋರ್ಡ್ ಎಂಜಿನ್, ಉದ್ದಕ್ಕೆ ಒಂದು ಬಿದಿರಿನ ಗಳ. ಚುಕ್ಕಾಣಿ ಹಿಡಿದು ಕೂತ ಅಣ್ಣ ಹುಟ್ಟಿದ್ದೇ ಈ ಹೊಳೆಯ ಬದಿಯಲ್ಲಿ, ಕಂತಬಲೆ ಬಿಡುವ ಮನೆಯಲ್ಲಿ. ಚಳಿಗಾಲದಲ್ಲಿ ನಮ್ಮಂಥ ರಾಡು ಹಿಡಿದವರನ್ನು ಕರೆದುಕೊಂಡು ಹೋಗುತ್ತಾರೆ. ನಿಮ್ಮ ಕೈಯಲ್ಲಿ ಏಳು ಅಡಿಯ ಸ್ಪಿನ್ನಿಂಗ್ ರಾಡ್. ಪಕ್ಕದಲ್ಲಿ, ಒರಗಿಸಿದ ಒಂಬತ್ತು ಅಡಿಯ ಫ್ಲೈ ರಾಡ್. ಅದನ್ನು ಈಗಲೇ ಮುಟ್ಟಬೇಡಿ, ಅದರ ಹೊತ್ತು ಬರುತ್ತದೆ.

"ಹ್ವಾಯ್, ನೀರ್ ನಿಂತ್ತ್. ಈಗ ತಿರ್ಗತ್ತ್, ಕಾಣಿ," ಎನ್ನುತ್ತಾರೆ ಅಣ್ಣ.

ಅಮಾವಾಸ್ಯೆ ಮೊನ್ನೆಯಷ್ಟೇ ಕಳೆದಿದೆ. ಸೂರ್ಯ ಚಂದ್ರರು ಒಂದೇ ಗೆರೆಯಲ್ಲಿ ನಿಂತು ಎಳೆಯುವ ದಿನಗಳಿವು, ಏರೂ ದೊಡ್ಡದು, ಇಳಿತವೂ ದೊಡ್ಡದು. ಈ ಕರಾವಳಿಯಲ್ಲಿ ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ನಸುಕಿಗೆ ನೀರು ತಳ ಕಾಣುತ್ತದೆ, ನಡುಹಗಲಿಗೆ ತುಂಬಿ ನಿಲ್ಲುತ್ತದೆ, ಸಂಜೆಗೆ ಮತ್ತೆ ಇಳಿಯುತ್ತದೆ. ನಮ್ಮ ಇಡೀ ದಿನದ ನಕ್ಷೆ ಇಷ್ಟೇ: ಈಗ ಅಳಿವೆ, ಏರುನೀರಿಗೆ ಕುದ್ರುವಿನ ಅಂಚು, ಇಳಿತಕ್ಕೆ ತೋಡಿನ ಬಾಯಿ.

ಬ್ರೇಕ್‌ವಾಟರಿನ ಕಲ್ಲುಗಳ ಹತ್ತಿರ ಎಂಜಿನ್ ಆರುತ್ತದೆ. ಮೇಲೆ ಕೋಡಿಯ ಸೀವಾಕ್ ಖಾಲಿ. ಅದರಾಚೆಯ ಮರಳಿಗೆ ಈ ಚಳಿಗಾಲದಲ್ಲಿ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ರೀಲಿನ ಕಮಾನನ್ನು ಎತ್ತಿ, ದಾರವನ್ನು ತೋರುಬೆರಳಿಗೆ ಸಿಕ್ಕಿಸಿಕೊಳ್ಳಿ. ತುದಿಯಲ್ಲಿರುವುದು ಸೀಸದ ತಲೆಯ ಜಿಗ್, ಅದಕ್ಕೆ ಮೆತ್ತನೆಯ ರಬ್ಬರಿನ ಮೀನು. ಬೀಸಿ. ಜಿಗ್ ಕಪ್ಪು ನೀರಿಗೆ ಬೀಳುವ ಸದ್ದು ಕೇಳಿಸುತ್ತದೆ, ಕಾಣುವುದಿಲ್ಲ. ತಳ ಮುಟ್ಟುವವರೆಗೆ ಕಾಯಿರಿ. ರಾಡಿನ ತುದಿಯನ್ನು ಸ್ವಲ್ಪ ಎತ್ತಿ, ಬಿಡಿ, ಎತ್ತಿ, ಬಿಡಿ. ಕಣ್ಣಿಗೆ ಇಲ್ಲಿ ಕೆಲಸವಿಲ್ಲ. ಹೆಣೆದ ದಾರಕ್ಕೆ ಹಿಗ್ಗುವ ಗುಣವಿಲ್ಲದ್ದರಿಂದ ತಳದ ಮರಳು, ಕಲ್ಲು, ಚಿಪ್ಪು ಎಲ್ಲವೂ ಬೆರಳಿಗೆ ಬೇರೆಬೇರೆಯಾಗಿ ಗೊತ್ತಾಗುತ್ತವೆ. ಮರಳಿನ ಮೇಲೆ ಜಿಗ್ ಮೆಲ್ಲಗೆ ಕೂರುತ್ತದೆ, ಕಲ್ಲಿಗೆ ತಾಗಿದರೆ ಟಕ್ಕೆನ್ನುತ್ತದೆ.

ಆಮೇಲೆ ಟಕ್ಕೂ ಅಲ್ಲದ, ಮೆತ್ತಗೂ ಅಲ್ಲದ ಒಂದು ಹೊಡೆತ. ರಾಡು ಬಾಗುವುದರೊಳಗೆ ರೀಲು ಕಿರುಚಿಕೊಂಡು ದಾರ ಬಿಡುತ್ತದೆ. ಮೀನು ಕಲ್ಲುಗಳ ಕಡೆಗೆ ಓಡಿದೆ. ಐದಾರು ಉಸಿರಿನಷ್ಟು ಹೊತ್ತು ಅದರ ಭಾರ ನಿಮ್ಮ ಮಣಿಕಟ್ಟಿನಲ್ಲಿದೆ, ಆಮೇಲೆ ಇಲ್ಲ. ಎಳೆದು ನೋಡಿದರೆ ದಾರದ ಕೊನೆಗೆ ಕಟ್ಟಿದ ಲೀಡರಿನ ತುದಿ ಒರಟಾಗಿ ತುಂಡಾಗಿದೆ, ಕಲ್ಲಿಗೆ ಅಂಟಿದ ಚಿಪ್ಪುಗಳಿಗೆ ಉಜ್ಜಿ ಹೋದದ್ದು. "ಹೋಯ್ಲಿ ಬಿಡಿ," ಎನ್ನುತ್ತಾರೆ ಅಣ್ಣ. ಹೊಸ ಲೀಡರ್ ಕಟ್ಟುವಷ್ಟರಲ್ಲಿ ಮೂಡಣ ಕೆಂಪಾಗಿದೆ. ಕೊಡಚಾದ್ರಿಯ ಕಡೆಯ ಘಟ್ಟದ ಸಾಲು ಕಪ್ಪಗೆ, ಸ್ಪಷ್ಟವಾಗಿ ಎದ್ದಿದೆ.

ಬೆಳಕಾಗುತ್ತಿದ್ದಂತೆ ನೀರಿನೊಳಕ್ಕೆ ಬಗ್ಗಿ ನೋಡಿ. ಚಳಿಗಾಲವನ್ನೇ ಆರಿಸಿಕೊಂಡ ಕಾರಣ ಅಲ್ಲಿದೆ. ಜುಲೈಯಲ್ಲಿ ಇದೇ ಜಾಗದಲ್ಲಿ ಘಟ್ಟದ ಕೆಮ್ಮಣ್ಣು ಕಲಸಿದ ಸಿಹಿನೀರು ಕಡಲಿನೊಳಕ್ಕೆ ನುಗ್ಗುತ್ತಿರುತ್ತದೆ. ಅಂಗೈ ಮುಳುಗಿಸಿದರೆ ಬೆರಳು ಕಾಣದು. ದೀಪಾವಳಿ ಕಳೆದ ಮೇಲೆ ಹೊಳೆಗಳ ನೂಕು ಇಳಿಯುತ್ತದೆ, ಮಣ್ಣು ತಳಕ್ಕೆ ಕೂರುತ್ತದೆ, ಉಪ್ಪುನೀರು ದಿನದಿನಕ್ಕೆ ಮೇಲಕ್ಕೆ, ಊರುಗಳ ಒಳಕ್ಕೆ ಏರುತ್ತಾ ಹೋಗುತ್ತದೆ. ಈಗ ಒಂದಾಳುದ್ದದ ನೀರಿನಲ್ಲಿ ತಳದ ಅಲೆಗೆರೆಗಳು ಎಣಿಸುವಂತೆ ಕಾಣುತ್ತವೆ. ಕಣ್ಣಿನಿಂದ ಬೇಟೆಯಾಡುವ ಮೀನಿಗೆ ಫ್ಲೈ ಎಂಬ ನಮ್ಮ ಕೂದಲಿನ ತುಂಡೊಂದು ಕಾಣಬೇಕಾದರೆ ಈ ತಿಳಿ ಬೇಕು.

ಎಂಜಿನ್ ಮತ್ತೆ ಹೊತ್ತಿಕೊಳ್ಳುತ್ತದೆ. ಏರುನೀರಿನ ಜೊತೆಯಲ್ಲೇ ಒಳಕ್ಕೆ ಸಾಗುತ್ತೇವೆ, ಗೊಂಬೆಯಾಟಕ್ಕೆ ಹೆಸರಾದ ಉಪ್ಪಿನಕುದ್ರುವಿನ ಕಡೆಗೆ. ತೆಂಗಿನ ಸಾಲಿನ ಕೆಳಗೆ ಯಾರೋ ಬೀಸುಬಲೆ ಬೀಸುತ್ತಿದ್ದಾರೆ. ಬಲೆ ಗಾಳಿಯಲ್ಲಿ ದುಂಡಗೆ ಅರಳಿ ಬೀಳುತ್ತದೆ. ಅವರಿಗೂ ನಮಗೂ ನಡುವೆ ಸಾಕಷ್ಟು ನೀರು ಬಿಟ್ಟು ಅಣ್ಣ ದೂರದಿಂದ ಹಾಯುತ್ತಾರೆ. ಹೊಟ್ಟೆಪಾಡಿಗೆ ಬಲೆ ಬೀಸುವವರ ಮೀನನ್ನು ಎಂಜಿನ್ನಿನ ಸದ್ದಿಗೆ ಚದುರಿಸುವ ಹಕ್ಕು ಸಂತೋಷಕ್ಕೆ ಮೀನು ಹಿಡಿಯುವವರಿಗಿಲ್ಲ. ಈ ಒಂದು ನಡವಳಿಕೆ ಗೊತ್ತಿಲ್ಲದವರು ರಾಡು ಹಿಡಿದು ಹೊಳೆಗೆ ಇಳಿಯಬಾರದು ಎಂದೇ ನನ್ನ ಅಭಿಪ್ರಾಯ.

ಈಗ ಫ್ಲೈ ರಾಡನ್ನು ಎತ್ತಿಕೊಳ್ಳಿ. ಹಗುರ ಎನಿಸುತ್ತದೆ. ಇದರ ಲೆಕ್ಕವೇ ಬೇರೆ. ಅಲ್ಲಿ ಜಿಗ್ಗಿನ ಭಾರ ದಾರವನ್ನು ಎಳೆದುಕೊಂಡು ಹೋಯಿತು. ಇಲ್ಲಿ ಫ್ಲೈಗೆ ಭಾರವೇ ಇಲ್ಲದಂತೆ, ದಾರಕ್ಕೇ ಭಾರ. ಕಡ್ಡಿದಪ್ಪದ ಆ ದಾರ ಗಾಳಿಯಲ್ಲಿ ಹಿಂದಕ್ಕೆ ಪೂರ್ತಿ ಚಾಚಿಕೊಳ್ಳಬೇಕು, ಆಮೇಲೆ ಮುಂದಕ್ಕೆ. ಹಿಂದೆ ಚಾಚುವುದನ್ನು ಕಾಯುವ ಆ ಒಂದು ಗಳಿಗೆಯಲ್ಲಿ ಇಡೀ ವಿದ್ಯೆಯಿದೆ. ಬೇಗ ಮುಂದಕ್ಕೆ ತಂದರೆ ಚಾಟಿ ಹೊಡೆದ ಸದ್ದಾಗಿ ಫ್ಲೈ ಕಿತ್ತುಹೋಗುತ್ತದೆ. ತಡವಾದರೆ ದಾರ ಹಿಂದಿನ ನೀರಿಗೆ ಬಿದ್ದುಬಿಡುತ್ತದೆ. ಭುಜದ ಬಲ ಬೇಡ. ಮೊಣಕೈ ಮೈಗೆ ಹತ್ತಿರವಿರಲಿ, ಹಿಂದೆ ತಿರುಗಿ ದಾರವನ್ನು ನೋಡಿಕೊಂಡೇ ಬೀಸಿ, ನಾಚಿಕೆಯೇನಿಲ್ಲ.

ತುದಿಯಲ್ಲಿರುವ ಫ್ಲೈ ಕ್ಲೌಸರ್ ಮಿನ್ನೋ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಬಾಬ್ ಕ್ಲೌಸರ್ ಎಂಬವರು 1980ರ ದಶಕದಲ್ಲಿ ಹೊಳೆಯ ಮೀನಿಗೆಂದು ಕಟ್ಟಿದ್ದು, ಈಗ ಜಗತ್ತಿನ ಉಪ್ಪುನೀರಿನಲ್ಲೆಲ್ಲಾ ಓಡುತ್ತದೆ. ನೋಡಿದರೆ ಏನೂ ಅಲ್ಲ: ಒಂದು ಗಾಳ, ಜಿಂಕೆಬಾಲದ ಒಂದಿಷ್ಟು ಕೂದಲು, ಹೊಳೆಯುವ ನಾಲ್ಕು ಎಳೆ, ಎರಡು ಲೋಹದ ಕಣ್ಣು. ಗುಟ್ಟೆಲ್ಲಾ ಆ ಕಣ್ಣುಗಳಲ್ಲಿದೆ. ಅವುಗಳನ್ನು ಗಾಳದ ಬೆನ್ನಿಗೆ ಕಟ್ಟಿರುವುದರಿಂದ ನೀರಿನಲ್ಲಿ ಗಾಳ ತಿರುಗಿ ಮೊನೆ ಮೇಲಾಗಿ ಈಜುತ್ತದೆ, ತಳದ ಚಿಪ್ಪಿಗೂ ಬೇರಿಗೂ ಸಿಕ್ಕಿಕೊಳ್ಳುವುದು ಕಡಿಮೆ. ನಿಂತಾಗ ತಲೆ ಕೆಳಗಾಗಿ ಜಾರುತ್ತದೆ, ಎಳೆದಾಗ ಏರುತ್ತದೆ. ಹೆದರಿದ ಚಟ್ಲಿ, ಅಂದರೆ ಸಿಗಡಿ, ಓಡುವುದೂ ಹೀಗೆ ನಿಂತು, ಚಿಮ್ಮಿ.

ಮಾಲ ಮೀನಿನ ಹಿಂಡೊಂದು ನೀರಿನ ಮೇಲ್ಮೈಯನ್ನು ನಡುಗಿಸುತ್ತಾ ಹಾದುಹೋಗುತ್ತದೆ. ಅದರ ಪಕ್ಕಕ್ಕೆ ಬೀಸಿ. ಎಡಗೈಯಿಂದ ದಾರವನ್ನು ಗೇಣುಗೇಣಾಗಿ ಎಳೆದುಕೊಳ್ಳಿ. ಏನೂ ಇಲ್ಲ. ಮತ್ತೆ ಬೀಸಿ. ಏನೂ ಇಲ್ಲ. ಬಿಸಿಲು ಏರುತ್ತದೆ, ಸ್ವೆಟರ್ ಕಳಚಿ ಮಡಿಸಿಡುತ್ತೀರಿ. ಗರುಡವೊಂದು ತೆಂಗಿನ ಗರಿಯಿಂದ ಎದ್ದು ತಿರುಗಿ ಅದೇ ಗರಿಗೆ ಬಂದು ಕೂರುತ್ತದೆ. ಬೆಳಗಿನ ಬಹುಪಾಲು ಹೀಗೇ ಕಳೆಯುತ್ತದೆ. ಚಳಿಗಾಲದ ಉಪ್ಪುನೀರಿನ ದಿನದಲ್ಲಿ ಇದೇ ಹೆಚ್ಚು, ಮೀನು ಕಡಿಮೆ. ಆದರೆ ಬೀಸುತ್ತಾ ಬೀಸುತ್ತಾ ನೀರು ಓದಲು ಬರುತ್ತಿದೆ, ಗಮನಿಸಿದಿರಾ? ನೊರೆಯ ಗೆರೆಯಿರುವಲ್ಲಿ ಎರಡು ಹರಿವುಗಳು ಸೇರುತ್ತಿವೆ. ನುಣುಪಾಗಿ ಉಬ್ಬಿದಲ್ಲಿ ಕೆಳಗೆ ಮರದ ಬೊಡ್ಡೆಯಿದೆ. ಬಣ್ಣ ಗಾಢವಾದಲ್ಲಿ ಆಳ. ಈಗ ನಿಮ್ಮ ಕಣ್ಣು ನಾನು ಹೇಳುವ ಮೊದಲೇ ಅಲ್ಲಿಗೆ ಹೋಗುತ್ತಿದೆ.

ನೀರು ತುಂಬುವ ಹೊತ್ತಿಗೆ ಕಾಂಡ್ಲಾ ಬೇರುಗಳೆಲ್ಲಾ ಮುಳುಗಿವೆ. ಮೀನು ಈಗ ಅವುಗಳ ಒಳಗೆ, ನೆರಳಿನಲ್ಲಿ. ಫ್ಲೈ ಇಟ್ಟು ಮತ್ತೆ ಸ್ಪಿನ್ನಿಂಗ್ ರಾಡ್ ತೆಗೆದುಕೊಳ್ಳಿ. ಇಲ್ಲಿ ಬೇಕಿರುವುದು ಗುರಿ ಮತ್ತು ಬಲ. ಬೇರುಗಳ ನಡುವೆ ಬಾಗಿಲಿನಷ್ಟು ಅಗಲದ ಕಿಂಡಿಯೊಂದಿದೆ. ರಬ್ಬರಿನ ಮೀನಿನ ಲೂರ್ ಅದರೊಳಕ್ಕೇ ಬೀಳಬೇಕು. ದಾರ ಓಡದಂತೆ ತಡೆಯುವ ರೀಲಿನ ಡ್ರ್ಯಾಗ್ ಬಿಗಿ ಮಾಡಿಕೊಳ್ಳಿ, ಬೆಳಿಗ್ಗೆಯ ಹಾಗೆ ದಾರ ಬಿಟ್ಟುಕೊಟ್ಟರೆ ಆಯಿತು ಕಥೆ. ಒಂದು ತಿರುವು, ಎರಡು ತಿರುವು, ಬೇರಿನಡಿಯಿಂದ ತಾಮ್ರಬಣ್ಣದ್ದೊಂದು ಚಿಮ್ಮಿ ಲೂರನ್ನು ಕಚ್ಚಿ ಅದೇ ಓಟದಲ್ಲಿ ತಿರುಗಿ ಮನೆಯ ಕಡೆ ನುಗ್ಗುತ್ತದೆ.

"ಬೇರಿಗೆ ಹೋಪುಕೆ ಬಿಡ್ಬೇಡಿ! ಎಳಿನಿ, ಎಳಿನಿ!"

ಅಣ್ಣ ಗಳವನ್ನು ಕೆಸರಿಗೆ ಊರಿ ದೋಣಿಯನ್ನೇ ಹಿಂದಕ್ಕೆ ತಳ್ಳುತ್ತಾರೆ. ನೀವು ರಾಡನ್ನು ಪಕ್ಕಕ್ಕೆ ಬಾಗಿಸಿ ಹಲ್ಲುಕಚ್ಚಿ ನಿಲ್ಲುತ್ತೀರಿ. ತೀರ್ಮಾನವಾಗುವುದು ಮೊದಲ ಎರಡು ಮಾರಿನಲ್ಲಿ. ಮೀನು ತೆರೆದ ನೀರಿಗೆ ಬಂದ ಮೇಲೆ ಅರ್ಧ ಸೋತಂತೆ. ಕೆಂಬೇರಿ, ಒಂದೂವರೆ ಕಿಲೋ ಇರಬಹುದು, ಮುಂದಿನ ಹಲ್ಲುಗಳು ನಾಯಿಯ ಕೋರೆಯಷ್ಟು ಚೂಪು. ಇದು ಇನ್ನೂ ಎಳೆಯದು. ಪೂರ್ತಿ ಬೆಳೆದ ಮೇಲೆ ಕೆಂಬೇರಿ ಅಳಿವೆಯನ್ನು ಬಿಟ್ಟು ಹೊರಗಡಲಿನ ಕಲ್ಲುಗಳಿಗೆ ಹೋಗುತ್ತದೆ. ಇದನ್ನು ಇಟ್ಟುಕೊಳ್ಳೋಣ, ಅಣ್ಣನ ಮನೆಗೆ. ಒಂದು ಸಾಕು.

ಊಟ ಕಾಂಡ್ಲಾದ ನೆರಳಿನಲ್ಲಿ. ಕುಚ್ಚಲಕ್ಕಿ ಗಂಜಿ, ಒಣಚಟ್ಲಿಯ ಚಟ್ನಿ, ಮಾವಿನಮಿಡಿ ಉಪ್ಪಿನಕಾಯಿ. ನೀರು ತುಂಬಿ ನಿಂತಿದೆ, ಎಲೆಯೊಂದು ದೋಣಿಯ ಪಕ್ಕದಲ್ಲೇ ಅತ್ತಲೂ ಹೋಗದೆ ಇತ್ತಲೂ ಹೋಗದೆ ತೇಲುತ್ತಿದೆ. ಪಡುಗಾಳಿ ಎದ್ದು ಹೊರಗಿನ ವಿಸ್ತಾರದಲ್ಲಿ ಬಿಳಿ ಅಲೆ ಒಡೆಯುತ್ತಿದೆ, ಆದರೆ ಈ ತೋಡಿನೊಳಕ್ಕೆ ಅದರ ಕೈ ತಲುಪುವುದಿಲ್ಲ. ಆಮೇಲೆ ಎಲೆ ಕಡಲಿನ ಕಡೆಗೆ ಜಾರುತ್ತದೆ. ಬಟ್ಟಲು ತೊಳೆದಿಡಿ.

ನಾವು ಬಂದಿರುವುದು ಈ ಇಳಿತಕ್ಕಾಗಿ. ನೀರು ಏರಿದಾಗ ಕಾಂಡ್ಲಾದೊಳಕ್ಕೆ ಹೊಕ್ಕ ಚಟ್ಲಿ, ಏಡಿಮರಿ, ಮಾಲದ ಮರಿ, ಎಲ್ಲವೂ ಇಳಿತದ ಜೊತೆ ತೋಡಿನ ಈ ಒಂದೇ ಕಿರಿದಾದ ಬಾಯಿಯಿಂದ ಹೊರಬರಬೇಕು. ಆ ಬಾಯಿಯ ಹೊರಗೆ, ಹರಿವು ನಿಧಾನವಾಗುವ ಆಳದ ಅಂಚಿನಲ್ಲಿ, ಕುರುಡಿ ಕಾಯುತ್ತದೆ. ಅದು ಬೆನ್ನಟ್ಟಿ ಬೇಟೆಯಾಡುವ ಮೀನಲ್ಲ. ಹರಿವಿಗೆ ಮುಖ ಮಾಡಿ, ಕಂಬದ ಮರೆಯಲ್ಲೋ ಬೇರಿನ ಮರೆಯಲ್ಲೋ ಅಲುಗದೆ ನಿಂತಿರುತ್ತದೆ, ತಿನಿಸು ತಾನಾಗಿ ಬಾಯಿಯ ಮುಂದೆ ಬಂದಾಗ ಬಾಯಿ ತೆರೆದು ನೀರಿನ ಸಮೇತ ಒಳಕ್ಕೆ ಸೆಳೆದುಕೊಳ್ಳುತ್ತದೆ. ಆಗ "ಟೊಪ್" ಎಂದು ಒಂದು ಸದ್ದು. ಕೇಳಿಸಿತೇ? ಅದೇ.

ಫ್ಲೈ ರಾಡ್. ಲೀಡರಿನ ಕೊನೆಯಲ್ಲಿ 40 ಪೌಂಡಿನ ಗಡುಸು ನೈಲಾನ್ ಕಟ್ಟಿದೆ, ಏಕೆಂದರೆ ಕುರುಡಿಯ ಕಿವಿರುಮುಚ್ಚಳದ ಅಂಚು ಬ್ಲೇಡಿನಷ್ಟು ಹರಿತ. ಗಾಳದ ಹಿಮ್ಮುಳ್ಳನ್ನು ಬೆಳಿಗ್ಗೆಯೇ ಇಕ್ಕುಳದಿಂದ ಒತ್ತಿ ಚಪ್ಪಟೆ ಮಾಡಿದ್ದೇನೆ. ಹರಿವಿಗೆ ಅಡ್ಡಲಾಗಿ ಬೀಸಿ, ಫ್ಲೈ ಬಾಯಿಯ ಮೇಲಕ್ಕೆ ಬೀಳಲಿ. ಎಳೆಯಬೇಡಿ, ನೀರೇ ತರಲಿ. ನೀವು ದಾರದ ಸಡಿಲವನ್ನು ಮಾತ್ರ ತೆಗೆದುಕೊಳ್ಳುತ್ತಾ ಬನ್ನಿ. ಈಗ ಒಂದು ಗೇಣು ಎಳೆಯಿರಿ. ನಿಲ್ಲಿಸಿ. ಇನ್ನೊಂದು ಗೇಣು.

ಹೊಡೆತವಲ್ಲ, ಭಾರ. ಫ್ಲೈ ಕೆಸರಿಗೆ ಸಿಕ್ಕಿತೇನೋ ಎನ್ನುವಂಥ ಭಾರ. ರಾಡು ಎತ್ತಬೇಡಿ! ಎಡಗೈಯಿಂದ ದಾರವನ್ನು ನೇರ ಹಿಂದಕ್ಕೆ ಜಗ್ಗಿ. ಇನ್ನೊಮ್ಮೆ. ಕೆಸರು ಅಲುಗುತ್ತದೆ, ಆಮೇಲೆ ಹರಿವಿನ ಜೊತೆ ಹೊರಟುಬಿಡುತ್ತದೆ. ಕಾಲಬುಡದಲ್ಲಿ ಸುರುಳಿ ಬಿದ್ದ ದಾರ ಒಂದೊಂದಾಗಿ ಎದ್ದು ಹೋಗುತ್ತಿದೆ, ಕಾಲು ಸರಿಸಿ. ದಾರ ರೀಲಿಗೆ ಬಂತು. ಈಗ ರಾಡು ಎತ್ತಿ.

ನಲವತ್ತು ಅಡಿ ಆಚೆ ನೀರು ಒಡೆಯುತ್ತದೆ. ಬೆಳ್ಳಿಯ ದೊಡ್ಡದೊಂದು ಮೈ ಬಾಲದವರೆಗೂ ಮೇಲೆದ್ದು, ಬಾಯಿ ಕಳೆದು, ತಲೆಯನ್ನು ಅತ್ತಿತ್ತ ಒದರುತ್ತದೆ. ಕಿವಿರಿನ ಕೆಂಪು ನಿಮಗೆ ಕಾಣುತ್ತದೆ. ಅದು ಮೇಲಿದ್ದಾಗ ರಾಡನ್ನು ಅದರ ಕಡೆಗೆ ಬಗ್ಗಿಸಿ ಸಡಿಲ ಕೊಡಿ, ಬಿಗಿದಾರ ಕಿವಿರಿಗೆ ಸಿಕ್ಕರೆ ಉಳಿಯುವುದಿಲ್ಲ. ಮತ್ತೆ ಹಾರುತ್ತದೆ. ಮತ್ತೆ ಬಗ್ಗಿಸಿ. "ಗಡ್ಬಿಡಿ ಬ್ಯಾಡ, ಎಳಿಲಿ ಬಿಡಿ," ಎಂದು ಅಣ್ಣ ದೋಣಿಯನ್ನು ಕಟ್ಟಿದ ಹಗ್ಗ ಬಿಚ್ಚುತ್ತಾರೆ. ಮೀನಿನ ಹಿಂದೆ ದೋಣಿಯೂ ಹರಿವಿಗೆ ಬೀಳುತ್ತದೆ. ನಿಮ್ಮ ಮುಂಗೈ ಉರಿಯುತ್ತಿದೆ, ಉಸಿರು ಮೇಲೆಕೆಳಗಾಗಿದೆ, ಮಾತು ಬರುತ್ತಿಲ್ಲ. ಬರಬೇಕಾಗಿಯೂ ಇಲ್ಲ.

ದೋಣಿಯ ಪಕ್ಕಕ್ಕೆ ಬಂದಾಗ ಅರ್ಧ ಮಾರಿಗಿಂತ ತುಸು ಹೆಚ್ಚು ಉದ್ದ. ಬೆನ್ನು ಹಸಿರುಗಪ್ಪು, ಹೊಟ್ಟೆ ಬಿಳಿ, ತಲೆ ಒಳಕ್ಕೆ ಬಾಗಿದ್ದು, ಕಣ್ಣಿನೊಳಗೆ ಕೆಂಪುಚಿನ್ನದ ಹೊಳಪು. ಅಣ್ಣ ಬಗ್ಗಿ ನೋಡುತ್ತಾರೆ.

"ಇದ್ ಅಬ್ಬಿ. ಬಿಡ್ವ."

ಕುರುಡಿ ಹುಟ್ಟುವುದು ಗಂಡಾಗಿ. ಅಳಿವೆಯ ಬಾಯಿಯ ಉಪ್ಪುನೀರಿನಲ್ಲಿ ಮಳೆಗಾಲದ ಹೊತ್ತಿಗೆ ಮೊಟ್ಟೆಯೊಡೆದ ಮರಿಗಳು ತೋಡುಗಳಿಗೆ, ಗದ್ದೆಬದಿಯ ನೀರಿಗೆ, ಸಿಹಿಹೊಳೆಗೆ ಏರಿ ಬೆಳೆಯುತ್ತವೆ. ಕೆಲವು ವರ್ಷ ಗಂಡಾಗಿ ಬದುಕಿ, ದೊಡ್ಡದಾದ ಮೇಲೆ ಹೆಣ್ಣಾಗುತ್ತವೆ. ಹೀಗಾಗಿ ಹೊಳೆಯ ದೊಡ್ಡ ಕುರುಡಿಯೆಂದರೆ ಹೆಚ್ಚುಕಡಿಮೆ ಯಾವಾಗಲೂ ಹೆಣ್ಣು, ಮತ್ತು ಅಂಥ ಒಂದು ಹೆಣ್ಣು ಒಂದು ಹಂಗಾಮಿನಲ್ಲಿ ಕೋಟಿಗೂ ಮೀರಿ ಮೊಟ್ಟೆ ಇಡಬಲ್ಲದು. ದೊಡ್ಡದನ್ನೇ ಹುಡುಕಿ ಹುಡುಕಿ ಕೊಲ್ಲುತ್ತಾ ಹೋದರೆ ಉಳಿಯುವುದು ಗಂಡುಗಳಷ್ಟೇ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಇದೇ ಮೀನಿಗೆ ಬ್ಯಾರಮಂಡಿ ಎನ್ನುತ್ತಾರೆ. ಅಲ್ಲಿ 58 ಸೆಂಟಿಮೀಟರಿಗಿಂತ ಚಿಕ್ಕದನ್ನೂ ಇಟ್ಟುಕೊಳ್ಳುವಂತಿಲ್ಲ, 120 ಸೆಂಟಿಮೀಟರಿಗಿಂತ ದೊಡ್ಡದನ್ನೂ ಇಟ್ಟುಕೊಳ್ಳುವಂತಿಲ್ಲ. ಫ್ಲಾರಿಡಾದಲ್ಲಿ ಕುರುಡಿಯ ದೂರದ ನೆಂಟ ಸ್ನೂಕ್ ಇದೆ. ಅದೂ ಗಂಡಾಗಿ ಹುಟ್ಟಿ ಹೆಣ್ಣಾಗುವ ಮೀನು, ಅದಕ್ಕೂ ಹಾಗೆಯೇ ಕೆಳಗೊಂದು ಮೇಲೊಂದು ಮಿತಿ. 2010ರ ಜನವರಿಯಲ್ಲಿ ಅಲ್ಲಿ ದಿನಗಟ್ಟಲೆ ಚಳಿ ಹಿಡಿದು ಸ್ನೂಕ್‌ಗಳು ರಾಶಿರಾಶಿಯಾಗಿ ಸತ್ತಾಗ ಹಿಡಿದದ್ದನ್ನು ಇಟ್ಟುಕೊಳ್ಳುವುದನ್ನೇ ಸರ್ಕಾರ ನಿಲ್ಲಿಸಿತು. ನಮ್ಮ ನೀರಿಗೆ ಅಂಥ ಚಳಿಯ ಭಯವಿಲ್ಲ. ನಮ್ಮ ಕಷ್ಟಗಳು ಬೇರೆ: ಕಡಿದುಹೋಗುವ ಕಾಂಡ್ಲಾ, ತೋಡುಗಳಿಗೆ ತುಂಬುವ ಮಣ್ಣು, ಹಲಗೆ ಹಾಕಿದ ಕಿಂಡಿ ಅಣೆಕಟ್ಟಿನ ಮುಂದೆ ದಾರಿಗಾಣದೆ ನಿಲ್ಲುವ ಮರಿಗಳು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಕಡಲಿನಲ್ಲಿ ನಿಷೇಧವಿದೆ, ಒಳ್ಳೆಯದೇ. ಆದರೆ ರಾಡು ಹಿಡಿದು ಬರುವವರ ಕೈಗೆ ಮಿತಿ ಹಾಕುವವರು ಇಲ್ಲಿ ಯಾರೂ ಇಲ್ಲ, ಅವರೇ ಹಾಕಿಕೊಳ್ಳಬೇಕು. ಅಣ್ಣನಿಗೆ ಈ ಮೀನಿನ ಪೇಟೆಯ ಬೆಲೆ ನಿಮಗಿಂತ ನನಗಿಂತ ಚೆನ್ನಾಗಿ ಗೊತ್ತು. ಗೊತ್ತಿದ್ದೂ "ಬಿಡ್ವ" ಎಂದರು. ಆ ಮಾತಿನ ತೂಕ ನಮಗೆ ತಿಳಿದಿರಬೇಕು, ದೋಣಿಯ ಬಾಡಿಗೆ ಕೊಡುವಾಗಲೂ.

ಕೈ ಒದ್ದೆ ಮಾಡಿಕೊಳ್ಳಿ, ಒಣಕೈ ಮೀನಿನ ಮೈಯ ಲೋಳೆಯನ್ನು ತೆಗೆದುಬಿಡುತ್ತದೆ. ಬಾಯಿಯಿಂದ ನೇತುಹಾಕಬೇಡಿ, ಇಷ್ಟು ಭಾರಕ್ಕೆ ದವಡೆ ತಡೆಯದು. ಒಂದು ಕೈ ಹೊಟ್ಟೆಯ ಕೆಳಗೆ. ಹಿಮ್ಮುಳ್ಳಿಲ್ಲದ ಗಾಳ ಒಂದು ತಿರುವಿಗೇ ಕಳಚಿಕೊಂಡಿತು. ಫೋಟೋ ಬೇಕೇ? ನೀರಿನಲ್ಲಿದ್ದಂತೆಯೇ ತೆಗೆಯುತ್ತೇನೆ. ಈಗ ಅದರ ಮುಖವನ್ನು ಹರಿವಿಗೆ ತಿರುಗಿಸಿ ಹಿಡಿಯಿರಿ. ಕಿವಿರು ತೆರೆದು ಮುಚ್ಚುವುದು ಮೊದಲು ಅವಸರವಾಗಿ, ಆಮೇಲೆ ನಿಧಾನವಾಗಿ. ನಿಮ್ಮ ಅಂಗೈಯಲ್ಲಿ ಅದರ ಬಲ ಮರಳಿ ಬರುವುದು ಗೊತ್ತಾಗುತ್ತಿದೆ. ತಾನಾಗಿ ಹೊರಡುವವರೆಗೆ ಬಿಡಬೇಡಿ. ಹೊರಟಿತು, ಬಾಲದ ಏಟಿಗೆ ನಿಮ್ಮ ಮುಖವೆಲ್ಲಾ ಉಪ್ಪುನೀರು.

ಇನ್ನೂ ಇಳಿತ ಉಳಿದಿದೆ. ಮುಂದಿನ ತೋಡಿನ ಬಾಯಿಗೆ ಹೋಗುತ್ತೇವೆ, ಅಲ್ಲಿ ಏನೂ ಸಿಗುವುದಿಲ್ಲ. ಅದರ ಮುಂದಿನದರಲ್ಲಿ ನನ್ನ ಫ್ಲೈಗೆ ಗೇಣುದ್ದದ ಕುರುಡಿಮರಿಯೊಂದು ಬರುತ್ತದೆ. ಅದನ್ನೂ ಬಿಟ್ಟು, ಕುಂದಾಪುರದ ದಡಕ್ಕೆ ತಿರುಗುತ್ತೇವೆ. ಕೆಂಬೇರಿ ಅಣ್ಣನ ಚೀಲಕ್ಕೆ. ಅವರ ಮನೆಯ ಬಾವಿಕಟ್ಟೆಯಲ್ಲಿ ರೀಲುಗಳ ಡ್ರ್ಯಾಗ್ ಬಿಗಿಮಾಡಿ, ಒಳಕ್ಕೆ ನೀರು ನುಗ್ಗದಂತೆ ಮೆಲ್ಲಗೆ ಸಿಹಿನೀರು ಸುರಿಯಿರಿ. ರಾಡಿನ ಉಂಗುರಗಳನ್ನೂ ಒಂದೊಂದಾಗಿ ಒರೆಸಿ, ಉಪ್ಪು ಒಂದೇ ರಾತ್ರಿಯಲ್ಲಿ ತನ್ನ ಕೆಲಸ ಶುರುಮಾಡುತ್ತದೆ. ಫ್ಲೈ ದಾರವನ್ನು ಪೂರ್ತಿ ಬಿಚ್ಚಿ ನೆರಳಿನಲ್ಲಿ ಒಣಹಾಕಬೇಕು. ನಾಳೆ ನೀರು ಸುಮಾರು 50 ನಿಮಿಷ ತಡವಾಗಿ ತಿರುಗುತ್ತದೆ, ಹಾಗಾಗಿ ಅಳಿವೆಯ ಕಲ್ಲುಗಳ ಹತ್ತಿರ ನಿಮಗೆ ಬೆಳಕಿರುತ್ತದೆ. ಲೀಡರನ್ನು ಇನ್ನೂ ಒಂದು ಮಟ್ಟ ದಪ್ಪದ್ದು ಕಟ್ಟಿಕೊಳ್ಳಿ.